ಬಿಳಿ ಹೂವಿನ ಸೊನೆ

"ಅದನ್ನ ಮುಟ್ಟಬೇಡಿ."

ಮಾತು ಕಿವಿಗೆ ಬೀಳುವಷ್ಟರಲ್ಲಿ ದತ್ತಾತ್ರೇಯನ ಬೆನ್ನುಚೀಲವನ್ನು ಯಾರೋ ಹಿಂದಿನಿಂದ ಜಗ್ಗಿದರು. ಆಯ ತಪ್ಪಿ ಕಾಲುದಾರಿಯಲ್ಲೇ ಅಂಗಾತ ಬಿದ್ದ. ತಲೆಯ ಮೇಲೆ ಜುಲೈ ತಿಂಗಳ ನೀಲಿ ಆಕಾಶ, ಅದಕ್ಕೆ ಅಡ್ಡವಾಗಿ ಕೊಡೆಯಂತೆ ಅರಳಿದ ಬಿಳಿ ಹೂಗಳು... ಹೂಗಳಿಗೂ ಅವನಿಗೂ ನಡುವೆ, ಸೊಂಟದ ಮೇಲೆ ಕೈಯಿಟ್ಟು ನಿಂತ ಒಬ್ಬ ಹುಡುಗಿ.

"ಪೆಟ್ಟಾಯ್ತಾ?"

"ಇಲ್ಲ. ಆದರೆ ಒಂದು ಹೂವಿಗೋಸ್ಕರ ಯಾರೂ ನನ್ನನ್ನ ಹೀಗೆ ಕೆಡವಿರಲಿಲ್ಲ."

"ಹೂವಿಗೋಸ್ಕರ ಅಲ್ಲ, ನಿಮ್ಮ ಕೈಗೋಸ್ಕರ."

ಅವಳು ಶೋಭನಾ. ಕುಮಟಾದವಳು. ಸ್ವೀಡನ್ನಿನ ಗೋಥೆನ್‌ಬರ್ಗಿನ ಲಿಂಡ್‌ಹೋಲ್ಮೆನ್‌ನಲ್ಲಿ ಕಾರುಗಳಿಗೆ ಸಾಫ್ಟ್‌ವೇರ್ ಬರೆಯುವ ಕೆಲಸ. ಶನಿವಾರ ಬಂತೆಂದರೆ ಬಂಡೆ ಹತ್ತುವ ಹುಚ್ಚು. ಊರಿನ ಉತ್ತರಕ್ಕೆ, ಕಡಲಂಚಿನ ಈ ಗ್ರಾನೈಟ್ ಬಂಡೆಗಳಿಗೆ ಕನ್ನಡದ ಗೆಳೆಯರನ್ನೆಲ್ಲ ಕರೆತಂದು ಹಗ್ಗ ಹಿಡಿಸಿದವಳು ಅವಳೇ.

ಇವತ್ತು ಗೆಳತಿ ವರ್ಷಾ, ವರ್ಷಾಳ ಗಂಡ ವಿಶಾಲ್ ಜೊತೆಗಿದ್ದರು. ಈ ಹೊಸಬ ವಿಶಾಲ್‌ನ ಕಾಲೇಜಿನ ಗೆಳೆಯ. ಸ್ಯಾಂಡ್‌ವಿಕೆನ್‌ನ ಉಕ್ಕಿನ ಕಾರ್ಖಾನೆಯಲ್ಲಿ ಇಂಜಿನಿಯರ್.

ಶೋಭನಾ ತನ್ನ ಅಂಗಿಯ ತೋಳು ಮಡಚಿ ಮಣಿಕಟ್ಟು ತೋರಿಸಿದಳು. ಅಲ್ಲೊಂದು ಕಂದು ಕಲೆ.

"ಇದಕ್ಕೆ ಇಲ್ಲಿ ಯೆತ್ತೆಲೂಕಾ ಅಂತಾರೆ. ಸೊನೆ ತಾಗಿದಾಗ ಏನೂ ಗೊತ್ತಾಗಲ್ಲ. ಅದರ ಮೇಲೆ ಬಿಸಿಲು ಬಿತ್ತು ಅಂದ್ಕೊಳ್ಳಿ, ಸುಟ್ಟ ಹಾಗೆ ಬೊಬ್ಬೆ ಏಳುತ್ತೆ. ಇದಕ್ಕಿಂತ ನಮ್ಮೂರ ಗೇರುಬೀಜದ ಸೊನೆನೇ ವಾಸಿ."

"ಬಂಡೆ ಅಲ್ಲೇ ಕಾಣ್ತಿದೆ. ಹೂವಿಗೆ ಹೆದರಿ ಅರ್ಧ ಗುಡ್ಡ ಸುತ್ತಬೇಕಾ?"

"ಹೆದರಿ ಅಲ್ಲ, ಗೊತ್ತಿದ್ದು ಸುತ್ತೋದು. ಮುಂದಿನ ಸಲ ತುಂಬುತೋಳಿನ ಶರ್ಟ್ ತನ್ನಿ. ಇವತ್ತು ನಾನು ಕಾಲಿಟ್ಟ ಕಡೆನೇ ಕಾಲಿಡಿ."

ಅವನು ನಕ್ಕ. ಆದರೂ ಅವಳು ಕಾಲಿಟ್ಟ ಕಡೆಯೇ ಕಾಲಿಟ್ಟ.

ಬಂಡೆಯ ಬುಡಕ್ಕೆ ಬಂದ ಮೇಲೆ ಅವನೇ ಬೇರೆ. ಬಾದಾಮಿಯ ಕೆಂಪು ಕಲ್ಲಿನ ಮೇಲೆ ಆಡಿ ಬೆಳೆದವನು. ಅವಸರವಿಲ್ಲದೆ, ಒಂದು ಚೂರು ಕಲ್ಲೂ ಉದುರದಂತೆ ಮೇಲೇರಿದ. ಕೆಳಗೆ ಹಗ್ಗ ಹಿಡಿದಿದ್ದ ಶೋಭನಾಳಿಗೆ ಕಣ್ಣು ತೆಗೆಯಲಾಗಲಿಲ್ಲ.

'ಅಹಂಕಾರ ಇದೆ... ಆದರೆ ಕೈಯಲ್ಲಿ ಕಸುಬೂ ಇದೆ.'

ಆಮೇಲೆ ಅವಳ ಸರದಿ. ತುದಿಗೆ ತುಸು ಕೆಳಗೆ ಹಿಡಿತ ಸಿಗದೆ ಕಾಲು ನಡುಗತೊಡಗಿತು. ಎಡಕ್ಕೆ, ಬಲಕ್ಕೆ ಎಂದು ವಿಶಾಲ್ ಕೂಗುತ್ತಿದ್ದ. ಹಗ್ಗ ಹಿಡಿದಿದ್ದ ದತ್ತಾತ್ರೇಯ ಮಾತ್ರ ಕೂಗಲಿಲ್ಲ.

"ಹಗ್ಗ ನನ್ನ ಕೈಯಾಗ ಐತಿ. ನೀವು ನಿಮಗ ತಿಳಿದಂಗ ಹೋಗ್ರಿ."

ಅವಳು ತನಗೆ ತಿಳಿದಂತೆಯೇ ಹೋದಳು. ತುದಿ ಮುಟ್ಟಿದಳು.

ಇಳಿದ ಮೇಲೆ ಕೇಳಿದಳು. "ಬೆಳಗ್ಗೆಯಿಂದ ಬೆಂಗಳೂರು ಕನ್ನಡ ಮಾತಾಡ್ತಿದ್ರಿ. ಆಗ ಬಂದಿದ್ದು ಯಾವ ಊರಿಂದು?"

"ಬಾದಾಮಿದು. ಗಾಬರಿಯಾದ್ರೆ ತಾನಾಗೇ ಬರುತ್ತೆ."

"ಹತ್ತುತ್ತಿದ್ದಿದ್ದು ನಾನು. ನಿಮಗ್ಯಾಕೆ ಗಾಬರಿ?"

"ಅದಕ್ಕೇ."

ಶೋಭನಾ ಫ್ಲಾಸ್ಕ್ ಮುಚ್ಚಳ ತಿರುಗಿಸುವ ನೆಪದಲ್ಲಿ ಮುಖ ತಗ್ಗಿಸಿದಳು. ಫಿಕಾಗೆಂದು, ಅಂದರೆ ಇಲ್ಲಿನವರ ಕಾಫಿ ವಿರಾಮಕ್ಕೆಂದು, ತಂದ ಕಾಫಿ ಅವತ್ತು ಅವನ ಲೋಟಕ್ಕೆ ಸ್ವಲ್ಪ ಹೆಚ್ಚೇ ಬಿತ್ತು.

ಅಲ್ಲಿಂದ ಮುಂದೆ ಒಂದು ಶನಿವಾರವೂ ಅವನು ತಪ್ಪಿಸಲಿಲ್ಲ. ಶುಕ್ರವಾರವೇ ರೈಲು ಹತ್ತಿ, ದೇಶದ ಆ ಕಡೆಯಿಂದ ಈ ಕಡೆಗೆ ಬರುತ್ತಿದ್ದ. ನೀಲಿ ಬಣ್ಣದ ತುಂಬುತೋಳಿನ ಶರ್ಟನ್ನೂ ಕೊಂಡ. ಸೆಪ್ಟೆಂಬರಿನಲ್ಲಿ ಅವನ ಕೆಲಸ ಮುಗಿಯುತ್ತದೆ, ಭಾರತಕ್ಕೆ ವಾಪಸ್... ಇದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಆ ಮಾತೆತ್ತುತ್ತಿರಲಿಲ್ಲ.

'ಬೇಸಿಗೆ ಮುಗಿಯೋದರೊಳಗೆ ನಾನೇ ಹೇಳಿಬಿಡ್ತೀನಿ' ಎಂದು ಶೋಭನಾ ಮನಸ್ಸಿನಲ್ಲೇ ನಿರ್ಧರಿಸಿದಳು. ಬಂಡೆಗೆ ಹೆದರದವಳು ಮಾತಿಗೆ ಹೆದರುವುದೇ?

ಆಗಸ್ಟಿನ ಒಂದು ಶನಿವಾರ. ದತ್ತಾತ್ರೇಯ ಎಲ್ಲರಿಗಿಂತ ಮುಂಚೆ ಹೋಗಿದ್ದ. ವಿಶಾಲ್ ಕಾರು ನಿಲ್ಲಿಸುತ್ತಿದ್ದಂತೆ ಶೋಭನಾ ಕಾಲುದಾರಿಗೆ ಓಡಿದಳು.

ತಿರುವಿನಲ್ಲಿ ಗಕ್ಕನೆ ನಿಂತಳು.

ಬಿಳಿ ಹೂಗಳ ನಡುವೆ ದಾರಿಯೊಂದು ತೆರೆದಿತ್ತು. ದಂಟುಗಳು ಮುರಿದು ಬಿದ್ದಿದ್ದವು. ಅದರಾಚೆ ಸುಡುಬಿಸಿಲಲ್ಲಿ ದತ್ತಾತ್ರೇಯ ಬನಿಯನ್ನಿನಲ್ಲಿ ನಿಂತಿದ್ದ. ಮುಂಗೈ, ಮೊಣಕೈ ಎಲ್ಲ ಸೊನೆ ಮೆತ್ತಿ ಹೊಳೆಯುತ್ತಿತ್ತು.

"ಶರ್ಟ್ ಎಲ್ಲಿ?"

"ಶೋಭನಾ, ಇಲ್ಲಿ ಕೇಳಿ..."

"ಏನು ಕೇಳೋದು? ಎಷ್ಟು ಸಲ ಹೇಳಿದೀನಿ ನಾನು." ಅಷ್ಟರಲ್ಲೇ ಅವನನ್ನು ನೆರಳಿಗೆ ಎಳೆದು, ತನ್ನ ನೀರಿನ ಬಾಟಲಿ ಸುರಿದು, ಸೋಪು ಹಚ್ಚಿ ತೊಳೆಯತೊಡಗಿದ್ದಳು. ಕೈ ಮೆತ್ತಗಿತ್ತು, ಮಾತು ಮಾತ್ರ ಕಲ್ಲು. "ಬಾದಾಮಿ ಬಂಡೆ ಹತ್ತಿದವರಿಗೆ ಹೂವೇನು ಲೆಕ್ಕ, ಅಲ್ವಾ? ಸುತ್ತು ಬರೋದು ಅವಮಾನ. ಹೆಣ್ಣೊಬ್ಬಳು ಹೇಳಿದ್ದು ಕೇಳೋದು ಇನ್ನೂ ಅವಮಾನ."

ಅವನು ಅವಳ ಮುಖವನ್ನೇ ನೋಡಿದ.

"ನನ್ನನ್ನ ಅಷ್ಟೇ ತಿಳ್ಕೊಂಡಿದೀರಾ?"

"ಕಣ್ಣಿಗೆ ಕಂಡದ್ದನ್ನ ತಿಳ್ಕೊಂಡಿದೀನಿ. ನನ್ನ ಮಾತಿಗೆ ಬೆಲೆ ಕೊಡದವರು ನನ್ನ ಹಗ್ಗ ಹಿಡಿಯೋದು ಬೇಡ."

ಅವಳು ಹೊದಿಸಿದ ಜಾಕೆಟ್ಟಿನಲ್ಲೇ ಅವನು ಎದ್ದು ನಡೆದ. ಬಸ್ ನಿಲ್ದಾಣದವರೆಗೂ ಹಿಂದಿರುಗಿ ನೋಡಲಿಲ್ಲ.

ಮುಂದಿನ ಶನಿವಾರ ಅವನು ಬರಲಿಲ್ಲ. ಬಂದವಳು ಬಿರ್ಗಿತ್ತಾ. ಕಾರು ನಿಲ್ಲಿಸುವ ಜಾಗದ ಪಕ್ಕದ ಕೆಂಪು ಮನೆಯ ಮುದುಕಿ. ಕಾಲಿಗೆ ಪಟ್ಟಿ, ಕೈಯಲ್ಲಿ ಊರುಗೋಲು. ಕಂಕುಳಲ್ಲಿ ಇಸ್ತ್ರಿ ಮಾಡಿದ ನೀಲಿ ಶರ್ಟು.

ಶೋಭನಾ ಆ ಶರ್ಟನ್ನು ಗುರುತಿಸಿದಳು.

ಮುದುಕಿ ಸ್ವೀಡಿಷ್‌ನಲ್ಲಿ ನಿಧಾನವಾಗಿ ಹೇಳಿದಳು. "ಇದು ನಿನ್ನ ಗೆಳೆಯನದು. ಹೋದ ವಾರ ಬ್ಲೂಬೆರಿ ಕೀಳೋಕೆ ಹೋಗಿ ದಿಬ್ಬದಿಂದ ಜಾರಿ ಆ ಗಿಡಗಳ ನಡುವೆ ಬಿದ್ದೆ. ಪಾದ ಉಳುಕಿ ಏಳಲಾಗಲಿಲ್ಲ. ನನ್ನ ಕೂಗು ಕೇಳಿ ಆ ಹುಡುಗ ನುಗ್ಗಿ ಬಂದ. ತನ್ನ ಶರ್ಟು ತೆಗೆದು ನನ್ನ ಮುಖ, ಕೈ ಮುಚ್ಚಿದ. ತನ್ನ ಬಾಟಲಿಯ ನೀರನ್ನೆಲ್ಲ ನನಗೇ ಸುರಿದು, ಎತ್ತಿಕೊಂಡು ಮನೆ ಮುಟ್ಟಿಸಿದ. ಕೈ ತೊಳ್ಕೋ ಅಂದರೂ ನಿಲ್ಲಲಿಲ್ಲ. ಅವನ ಚೀಲ ಬಿದ್ದಲ್ಲೇ ಇತ್ತು, ತರ್ತೀನಿ ಅಂತ ವಾಪಸ್ ಹೋದ... ನನ್ನ ಮೈ ಮೇಲೆ ಒಂದು ಗುಳ್ಳೆಯೂ ಏಳಲಿಲ್ಲ. ಅವನು ಹೇಗಿದ್ದಾನೆ?"

ಉತ್ತರ ಕೊಟ್ಟವನು ವಿಶಾಲ್.

"ಎರಡೂ ಕೈಗೆ ಬ್ಯಾಂಡೇಜ್. ಇನ್ನೆರಡು ವರ್ಷ ಇರಿ ಅಂತ ಆಫೀಸಲ್ಲಿ ಕೇಳಿದ್ರಂತೆ. ಅವತ್ತು ನಿನಗೆ ಅದನ್ನೇ ಹೇಳೋಕೆ ಬಂದಿದ್ದ. ಈಗ ಬೇಡ ಅಂತಾನೆ. ಸೋಮವಾರ ಹಾಗೇ ಹೇಳಿಬಿಡ್ತಾನಂತೆ."

"ನಾಳೆ ಭಾನುವಾರ" ಎಂದಳು ಶೋಭನಾ. ಅಷ್ಟೇ. ಅಳಲಿಲ್ಲ. ಬೆಳಗಿನ ಮೊದಲ ರೈಲು ಹತ್ತಿದಳು.

ಸ್ಯಾಂಡ್‌ವಿಕೆನ್‌ನ ಕೆರೆಯ ದಂಡೆಯಲ್ಲಿ ಸಿಗುತ್ತಾನೆಂದು ವಿಶಾಲ್ ಹೇಳಿದ್ದ. ಅಲ್ಲಿ ಊರಿಗೆ ಊರೇ ಬಿಸಿಲು ಕಾಯಿಸಿಕೊಳ್ಳುತ್ತಿತ್ತು. ಒಬ್ಬ ಮಾತ್ರ ಬರ್ಚ್ ಮರದ ನೆರಳಿನ ಬೆಂಚಿನಲ್ಲಿ, ಬೆರಳ ತುದಿವರೆಗೂ ಬಟ್ಟೆ ಸುತ್ತಿ ಕೂತಿದ್ದ. ಅವಳನ್ನು ಕಂಡು ಎದ್ದು ನಿಂತ.

"ನೀವು... ಇಲ್ಲಿ?"

"ಬಿರ್ಗಿತ್ತಾ ಎಲ್ಲ ಹೇಳಿದರು. ಅವತ್ತು ನೀವು ಹೇಳೋಕೆ ಬಂದಿರಿ, ನಾನು ಬಿಡಲಿಲ್ಲ. ತಪ್ಪು ನಂದು. ನೋವಿದೆಯಾ?"

"ಕೈಯದು ಕಡಿಮೆಯಾಗಿದೆ."

ಮಿಕ್ಕದ್ದನ್ನು ಅವನು ಹೇಳಲಿಲ್ಲ. ಅವಳಿಗೆ ಕೇಳಿಸಿತು. ಕಣ್ಣು ತುಂಬಿ ಬಂದರೂ ದನಿ ಅಲುಗಲಿಲ್ಲ.

"ಹಾಗಾದರೆ ಇನ್ನೊಂದು ವಿಷಯ. ಕ್ಷಮೆ ಕೇಳಕ್ಕೆ ಅಂತಲೇ ಇಷ್ಟು ದೂರ ಬರಲಿಲ್ಲ, ಅದು ಫೋನಲ್ಲೂ ಆಗ್ತಿತ್ತು. ನೀವು ಹೋಗಬೇಡಿ. ನನಗೆ ನೀವು ಬೇಕು. ಎರಡು ವರ್ಷಕ್ಕಲ್ಲ... ಪೂರ್ತಿ. ನಾನು ಜೋರು, ಗೊತ್ತು. ಬಿಡಿಸಿ ಹೇಳೋದರೊಳಗೆ ಸಿಟ್ಟು ಬರುತ್ತೆ. ಇನ್ಮೇಲೆ ಮೊದಲು ಕೇಳ್ತೀನಿ, ಆಮೇಲೆ ಬೈತೀನಿ."

ದತ್ತಾತ್ರೇಯ ಒಂದು ಹೆಜ್ಜೆ ಹತ್ತಿರ ಬಂದ. ಅವಳು ನೋಟ ತಗ್ಗಿಸಲಿಲ್ಲ.

"ಅವತ್ತು ನಾನು ಕೇಳಬೇಕಂತ ರೈಲಿನ ತುಂಬಾ ಬಾಯಿಪಾಠ ಮಾಡ್ಕೊಂಡು ಬಂದಿದ್ದೆ" ಎಂದ ಮೆಲ್ಲಗೆ. "ನೀನು ಎರಡು ಮಾತಿನಾಗ ಮುಗಿಸಿಬಿಟ್ಟಿ."

ಮೊದಲ ಬಾರಿ 'ನೀನು' ಎಂದಿದ್ದ. ಶೋಭನಾ ಬ್ಯಾಂಡೇಜು ತಾಗದಂತೆ ಅವನ ಭುಜಕ್ಕೆ ಹಣೆ ಒರಗಿಸಿದಳು.

"ಹಾಗಾದರೆ ನಾಳೆ ಆಫೀಸಲ್ಲಿ ಏನು ಹೇಳ್ತೀಯಾ?"

"ಇರ್ತೀನಿ ಅಂತೀನಿ. ನಿಂದು ಊಟ ಆತೇನು?"

"ಬೆಳಗ್ಗೆಯಿಂದ ಹಸಿವೇ ಇರಲಿಲ್ಲ. ಈಗ ಆಗ್ತಿದೆ."

"ನಡಿ ಮನಿಗೆ. ಅನ್ನ ಸಾರು ಮಾಡೋಣ."

"ಈ ಕೈಯಲ್ಲಿ?"

"ಮಾಡಾಕಿ ನೀನು. ನಾ ಪಕ್ಕದಾಗ ನಿಂತು ಹೇಳ್ತೀನಿ."

"ಹೇಳೋದು ನನ್ನ ಕೆಲಸ."

"ಆತು," ಅವನು ನಕ್ಕ. "ನೀನೇ ಹೇಳು. ನಾ ಪಕ್ಕದಾಗ ನಿಂದರ್ತೀನಿ."