ಗುಬ್ಬಿಗೆ ಹೋದ ಜೀಪು

ಪ್ರಭುದೇವ ಮೊದಲ ಸಲ ನನ್ನ ಮುಂದೆ ಕೂತಾಗ ಅವನ ಕೈ ನಡುಗುತ್ತಿತ್ತು. ಪ್ರೀತಿ ಗೀತಿ ಏನಲ್ಲ, ಸೂಜಿಯ ಭಯ. ತುಮಕೂರಿನ ಬಿ.ಎಚ್. ರಸ್ತೆಯ ಲ್ಯಾಬೊಂದರಲ್ಲಿ ರಕ್ತ ತೆಗೆಯುವುದು ನನ್ನ ಕೆಲಸ. ಗುಬ್ಬಿಯಿಂದ ಜ್ವರ ಹೊತ್ತುಕೊಂಡು ಬಂದಿದ್ದ ಈ ಎತ್ತರದ ಆಳು ತೋಳು ಚಾಚಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದ.

"ಆಯ್ತಾ ಮೇಡಂ?"

"ಇನ್ನೂ ಸೂಜೀನೇ ಬಿಚ್ಚಿಲ್ಲ."

ಒಂದು ಕಣ್ಣು ತೆರೆದು ನನ್ನನ್ನು ನೋಡಿದ. ನೋಟ ಅಲ್ಲೇ ನಿಂತಿತು. ನನ್ನ ಕೆಲಸಕ್ಕೆ ಅದು ಅನುಕೂಲವೇ ಆಯಿತು. ಹತ್ತಿ ಒತ್ತಿ ಹಿಡಿಯಿರಿ ಅಂದಾಗಲೇ ಅವನಿಗೆ ರಕ್ತ ತೆಗೆದದ್ದು ಗೊತ್ತಾಗಿದ್ದು. ರಿಪೋರ್ಟಿಗೆ ಮಾರನೆಯ ದಿನ ಬಂದ. ಜ್ವರ ಬಿಟ್ಟ ಮೇಲೂ ಬಂದ. ಈಗ ಯಾವ ಟೆಸ್ಟು ಎಂದು ಕೇಳಿದರೆ, ಕಮ್ಮಿ ನೋಯೋದು ಯಾವುದಿದೆಯೋ ಅದನ್ನೇ ಮಾಡಿ ಎಂದ. ನಗು ತಡೆಯಲು ನಾನು ಸ್ಪಿರಿಟ್ ಬಾಟಲಿಯ ಕಡೆ ತಿರುಗಬೇಕಾಯಿತು.

ಅವನ ತಂದೆ ಮಹಾಲಿಂಗಯ್ಯನವರದು ಗುಬ್ಬಿಯಲ್ಲಿ ಪಾತ್ರೆ ಅಂಗಡಿ. ಅಂಗಡಿಗೆ ಮಾಲು ತರುವ ನೆಪದಲ್ಲಿ ಅವನು ತುಮಕೂರಿಗೆ ಬರುವುದು, ನಾನು ಭಾನುವಾರ ಅವನ ಬೈಕಿನ ಹಿಂದೆ ಕೂತು ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿನ್ನುವುದು ಶುರುವಾಯಿತು. ಅವನು ಚಟ್ನಿ ಬೆರೆಸುವಷ್ಟರಲ್ಲಿ ನನ್ನ ತಟ್ಟೆ ಖಾಲಿಯಾಗಿರುತ್ತಿತ್ತು. ಯಾರೂ ಕಿತ್ಕೊಳ್ಳಲ್ಲ, ನಿಧಾನ ತಿನ್ನು ಎಂದು ಛೇಡಿಸಿದ. ಕಿತ್ತುಕೊಳ್ಳುವವರ ನಡುವೆಯೇ ಬೆಳೆದವಳು ನಾನು. ಅವತ್ತು ಹೇಳಿಬಿಟ್ಟೆ.

"ನಾನು ಬಾಲಮಂದಿರದ ಹುಡುಗಿ. ಅಪ್ಪ ಅಮ್ಮ ಯಾರು ಅಂತ ನಂಗೂ ಗೊತ್ತಿಲ್ಲ, ಸರ್ಕಾರಕ್ಕೂ ಗೊತ್ತಿಲ್ಲ. ಸಂಜೆ ಆರಕ್ಕೆ ನಾನು ಒಳಗಿರ್ಬೇಕು."

ಹದಿನೆಂಟು ತುಂಬಿದ ಮೇಲೆ ನಮ್ಮನ್ನು ಅದೇ ಕಾಂಪೌಂಡಿನ ಅನುಪಾಲನಾ ಗೃಹಕ್ಕೆ ಕಳಿಸುತ್ತಾರೆ, ಅಲ್ಲಿದ್ದುಕೊಂಡೇ ನಾನು ಲ್ಯಾಬ್ ಕೋರ್ಸ್ ಓದಿದ್ದು, ಇಪ್ಪತ್ತೊಂದರವರೆಗೂ ಅದೇ ನನ್ನ ಮನೆ ಎಂದೆಲ್ಲ ಒಂದೇ ಉಸಿರಿಗೆ ಹೇಳಿದೆ. ಈ ಮಾತು ಕೇಳಿ ಎದ್ದು ಹೋದವರನ್ನು, ಅಯ್ಯೋ ಪಾಪ ಎಂದವರನ್ನು ನಾನು ಕಂಡಿದ್ದೆ. ಪ್ರಭು ಇಡ್ಲಿಯ ತುಂಡನ್ನು ಕೈಯಲ್ಲೇ ಹಿಡಿದು ಗಡಿಯಾರ ನೋಡಿದ.

"ಆರು ಅಂದ್ರೆ ಕರೆಕ್ಟಾಗಿ ಆರೇನಾ? ಒಂದು ಹತ್ನಿಮಿಷ ಆ ಕಡೆ ಈ ಕಡೆ ನಡೆಯಲ್ವಾ?"

ನಾನು ಪ್ರೀತಿಯಲ್ಲಿ ಬಿದ್ದದ್ದು ಆ ಹತ್ತು ನಿಮಿಷದ ಆಸೆಗೆ.

ನಮ್ಮ ಮನೆಯಿಂದ ಹೆಣ್ಣು ಕೊಡುವುದಕ್ಕೂ ಒಂದು ಕ್ರಮವಿದೆ. ಬೇರೆ ಕಡೆ ಗಂಡಿನವರು ಬಂದು ಉಪ್ಪಿಟ್ಟು ಕೇಸರಿಬಾತ್ ತಿಂದು ಹೆಣ್ಣು ನೋಡಿ ಹೋಗುತ್ತಾರೆ. ನಮ್ಮಲ್ಲಿ ಗಂಡೇ ಅರ್ಜಿ ಹಾಕಬೇಕು. ಆಮೇಲೆ ಬಾಲಮಂದಿರ ನಡೆಸುವ ಇಲಾಖೆಯವರು ಜೀಪಿನಲ್ಲಿ ಅವನ ಊರಿಗೆ ಹೋಗಿ ಮನೆ ನೋಡುತ್ತಾರೆ, ದುಡಿಮೆ ಕೇಳುತ್ತಾರೆ, ಬೀದಿಯಲ್ಲಿ ಅವನ ನಡತೆ ವಿಚಾರಿಸುತ್ತಾರೆ. ಕೇಳುವವರಿಲ್ಲದ ಹುಡುಗಿ ಎಂದು ಯಾರೂ ಮೋಸ ಮಾಡಬಾರದಲ್ಲ. ನನಗೆ ಈ ಜೀಪಿನ ಬಗ್ಗೆ ಹೆಮ್ಮೆಯಿತ್ತು. ಅಪ್ಪನಿದ್ದ ಎಷ್ಟೋ ಹುಡುಗಿಯರ ಪರವಾಗಿ ಇಷ್ಟೊಂದು ವಿಚಾರಣೆ ಯಾರೂ ಮಾಡುವುದಿಲ್ಲ.

ಪ್ರಭು ಖುಷಿಯಿಂದ ಅರ್ಜಿ ಹಾಕಿದ. ಮನೆಯಲ್ಲೂ ಹೇಳಿದ. ತಾಯಿ ಸರ್ವಮಂಗಳಮ್ಮ ಕಣ್ಣೀರು ಹಾಕಿ ಒಪ್ಪಿದರಂತೆ. ಮಠದ ಭಕ್ತರಾದ ಮಹಾಲಿಂಗಯ್ಯನವರೂ, ಹುಟ್ಟು ಯಾರ ಕೈಲಿದೆ, ಶಿವನೇ ಕೊಟ್ಟ ಹೆಣ್ಣು ಅಂದುಕೊಳ್ಳೋಣ ಎಂದರಂತೆ. ಜೀಪು ಬರುವ ಸಂಗತಿಯನ್ನು ಮಾತ್ರ ಅವನು ಹೇಳಲಿಲ್ಲ. ನೆಂಟರ ಹಾಗೆ ಮೊದಲೇ ಫೋನು ಮಾಡಿ ಬರುತ್ತಾರೆ, ಕಾಫಿ ಕುಡಿದು ಹೋಗುತ್ತಾರೆ ಎಂದುಕೊಂಡಿದ್ದ.

ಜೀಪು ಹೇಳದೇ ಹೋಯಿತು. ಹೇಳಿ ಹೋದರೆ ವಿಚಾರಣೆ ಹೇಗಾಗುತ್ತದೆ? ಅಧಿಕಾರಿ ರಂಗನಾಥ್ ಸರ್ ಬೀದಿಯ ತುದಿಯಲ್ಲೇ ಇಳಿದು ಕ್ಷೌರದ ಅಂಗಡಿಯಲ್ಲಿ, ಬೇಕರಿಯಲ್ಲಿ ಕೇಳಿದರು. ಕೊನೆಗೆ ಎದುರಿನ ಪಾತ್ರೆ ಅಂಗಡಿಗೂ ಹೋದರು. ಆ ಅಂಗಡಿಯವರಿಗೂ ಮಹಾಲಿಂಗಯ್ಯನವರಿಗೂ ಎಷ್ಟೋ ಕಾಲದಿಂದ ಮಾತಿರಲಿಲ್ಲ. ಹುಡುಗ ಕುಡಿಯುತ್ತಾನಾ, ಇಸ್ಪೀಟು ಆಡುತ್ತಾನಾ, ಮೊದಲೊಂದು ಮದುವೆ ಏನಾದರೂ ಆಗಿದೆಯಾ ಎಂದು ಕೇಳಿದ್ದು ಮಧ್ಯಾಹ್ನದೊಳಗೆ ಊರೆಲ್ಲ ಸುತ್ತಿತು.

ಅದೂ ಹೋಗಲಿ. ನಾನು ಹಟ ಹಿಡಿದು ಜೀಪಿನಲ್ಲಿ ಗಿರಿಯಮ್ಮನನ್ನೂ ಕೂರಿಸಿದ್ದೆ. ಗಿರಿಯಮ್ಮ ಕೋರ ಎಂಬ ಊರಿನವಳು, ಬಾಲಮಂದಿರದ ಅಡುಗೆಯವಳು. ಎಲ್ಲೋ ಸಿಕ್ಕಿದ ಮಗು ಎಂದು ನನ್ನನ್ನು ಪೊಲೀಸರು ತಂದು ಬಿಟ್ಟಾಗ ನಾನು ಅತ್ತು ಅತ್ತು ನಿದ್ದೆ ಹೋದದ್ದು ಅವಳ ಮಡಿಲಲ್ಲಂತೆ. ಹೆಣ್ಣಿನ ತಾಯಿ ಹೋದ ಹಾಗಾಗಲಿ ಎಂದು ನನ್ನ ಆಸೆ. ಅವಳು ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಹೋದಳು. ಹೋದವಳು ನಡುಮನೆಯಲ್ಲಿ ಕೂರದೆ ಸೀದಾ ಅಡುಗೆಮನೆಗೆ ನಡೆದಳು. ಅಕ್ಕಿ ಡಬ್ಬದ ಮುಚ್ಚಳ ತೆಗೆದು ಹಿಡಿ ಅಕ್ಕಿ ಅಂಗೈಲಿ ಹರಡಿ ಹುಳ ಇದೆಯಾ ಎಂದು ನೋಡಿದಳು. ಒಲೆಯ ಮೇಲಿದ್ದ ಸಾರಿಗೆ ಸೌಟು ಹಾಕಿ ಬೇಳೆ ಎಷ್ಟಿದೆ ಎಂದು ತಿರುವಿದಳು. ಹುಡುಗಿಗೆ ರಾತ್ರಿ ಹೊತ್ತು ಹಾಲು ಕೊಡ್ತೀರಾ ಎಂದು ಸರ್ವಮಂಗಳಮ್ಮನನ್ನು ಕೇಳಿದಳು. ಮಕ್ಕಳಿಗೆ ಬಂದ ರೇಷನ್ ತೂಕ ಸರಿಯಿದೆಯಾ ಎಂದು ನೋಡುತ್ತಲೇ ಕೂದಲು ಬೆಳ್ಳಗಾದವಳು ಅವಳು. ಒಂದು ಮನೆಯನ್ನು ಇನ್ನು ಹೇಗೆ ನೋಡಬೇಕೆಂದು ಅವಳಿಗೆ ಗೊತ್ತಿರಲಿಲ್ಲ.

ಸರ್ವಮಂಗಳಮ್ಮ ನಕ್ಕರಂತೆ. ಸ್ನಾನ ಪೂಜೆ ಮುಗಿಸದೆ ಮನೆಯವರೇ ಮುಟ್ಟದ ಒಲೆ ಅದು. ಬಾಗಿಲಲ್ಲಿ ನಿಂತಿದ್ದ ಮಹಾಲಿಂಗಯ್ಯ ನಗಲಿಲ್ಲ.

ಆದರೂ ಅವರು ಮದುವೆ ಬೇಡ ಎನ್ನಲಿಲ್ಲ. ಬೇಡ ಅಂದಿದ್ದರೆ ಸುಲಭವಿತ್ತು, ಬೈದುಕೊಂಡು ಇರಬಹುದಿತ್ತು. ಇಪ್ಪತ್ತೊಂದು ತುಂಬಲಿ, ಇಲಾಖೆಯ ಜವಾಬ್ದಾರಿ ಮುಗಿಯಲಿ, ಹುಡುಗಿ ತಾನಾಗಿ ಹೊರಗೆ ಬರಲಿ ಎಂದರು. ಕುಣಿಗಲ್ಲಿನಲ್ಲಿರುವ ಸರ್ವಮಂಗಳಮ್ಮನ ತಮ್ಮನ ವರಸೆಯ ಚನ್ನವೀರಯ್ಯ ದಂಪತಿ ನನ್ನ ಅಪ್ಪ ಅಮ್ಮನ ಜಾಗದಲ್ಲಿ ನಿಂತು ಧಾರೆ ಎರೆಯುತ್ತಾರೆ. ಬಾಲಮಂದಿರದ ಕಡೆಯವರು ಒಬ್ಬರೂ ಮದುವೆಗೆ ಬರಕೂಡದು, ನಾನು ಮತ್ತೆಂದೂ ಆ ಗೇಟು ದಾಟಕೂಡದು. ಇಷ್ಟೇ ಷರತ್ತು. ಪ್ರಭು ಇದನ್ನು ಸಿಹಿ ಸುದ್ದಿಯ ಹಾಗೆ ಓಡಿ ಬಂದು ಹೇಳಿದ.

ಕುಣಿಗಲ್ಲಿಗೆ ಕರೆದುಕೊಂಡು ಹೋದ. ಚನ್ನವೀರಯ್ಯನವರ ಹೆಂಡತಿ ಬಲು ಒಳ್ಳೆಯ ಹೆಂಗಸು. ಮಕ್ಕಳಿಲ್ಲದ ಮನೆ. ನನ್ನ ಕೈ ತುಂಬ ಹಸಿರು ಬಳೆ ತೊಡಿಸಿ, ಒಂದು ಕೋಣೆಯ ಬಾಗಿಲು ತೆರೆದು, ಇದು ನಿನ್ನ ತವರು ಕಣಮ್ಮ, ಬಾಣಂತನಕ್ಕೆ ಇಲ್ಲಿಗೇ ಬರಬೇಕು ಎಂದರು. ತವರು ಎಂಬ ಮಾತನ್ನು ನನಗಾಗಿ ಯಾರೂ ಅದುವರೆಗೆ ಆಡಿರಲಿಲ್ಲ. ದಾರಿಯುದ್ದಕ್ಕೂ ಪ್ರಭು ಬೈಕಿನ ಕನ್ನಡಿ ತಿರುಗಿಸಿ ನನ್ನ ಮುಖವನ್ನೇ ನೋಡುತ್ತಿದ್ದ. ರೋಡು ನೋಡಿ ಓಡ್ಸು ಎಂದು ಗದರಿದೆ. ನನ್ನ ರೋಡು ಹಿಂದೆ ಕೂತಿದೆ ಎಂದ. ಅವನ ಬೆನ್ನಿಗೆ ಕೆನ್ನೆಯಿಟ್ಟು ಹೂಂ ಅಂದುಬಿಟ್ಟೆ.

ಗಿರಿಯಮ್ಮನಿಗೆ ಹೇಳುವುದು ಕಷ್ಟವಾದೀತು ಎಂದು ಹೆದರಿದ್ದೆ. ಅವಳು ಮುದ್ದೆ ತಿರುವುವ ಕೋಲು ಕೆಳಗಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು ಎಲ್ಲ ಕೇಳಿದಳು.

"ಒಳ್ಳೇದೇ ಆಯ್ತು ಬುಡು. ನಾನೇನು ನಿನ್ನ ಹೆತ್ತೋಳಾ? ಸಂಬಳ ತಕಂಡು ಅನ್ನ ಹಾಕ್ದೋಳು. ಆ ಅಕ್ಕಿ ಡಬ್ಬ ನಾನು ಮುಟ್ಬಾರ್ದಿತ್ತು ಕಣವ್ವ."

ಮರುದಿನ ಮಧ್ಯಾಹ್ನ, ಮಕ್ಕಳೆಲ್ಲ ಸ್ಕೂಲಿಗೆ ಹೋಗಿದ್ದಾಗ, ಅವಳೇ ನನ್ನನ್ನು ಅಂಗಳಕ್ಕೆ ಕರೆದಳು. ಮುಂದೆ ತುಮಕೂರಿನ ಮಾರ್ಕೆಟ್ಟಿನಲ್ಲೋ ಬಸ್ ಸ್ಟ್ಯಾಂಡಿನಲ್ಲೋ ನಾನು ಅತ್ತೆ ಮಾವನ ಜೊತೆ ಎದುರು ಸಿಕ್ಕಿದರೆ ತಾನು ಗುರುತು ತೋರಿಸಬಾರದಲ್ಲ, ಅಭ್ಯಾಸ ತಪ್ಪಿ ಕೂಗಿಬಿಟ್ಟರೆ ನನ್ನ ಸಂಸಾರ ಹಾಳಾಗುತ್ತದಲ್ಲ ಎಂಬುದು ಅವಳ ಚಿಂತೆ. ರಾತ್ರಿಯೆಲ್ಲ ಅದೇ ಯೋಚನೆ ಮಾಡಿದ್ದಳು.

"ನೀನು ಗೇಟಿಂದ ಬಾ. ನಾನು ಈ ಕಡೆಯಿಂದ ಬತ್ತೀನಿ. ಆಯ್ತದಾ ನೋಡಾನ."

ನನಗೆ ನಗು ಬಂತು. ಆಟದ ಹಾಗೆ ಗೇಟಿನಿಂದ ನಡೆದು ಬಂದೆ. ಮೊದಲ ಸಲ ಅವಳ ಬಾಯಿಂದ ಮಧೂ ಎಂದು ನನ್ನ ಹೆಸರು ಬಂದೇ ಬಿಟ್ಟಿತು. ತನ್ನ ಬಾಯಿಗೆ ತಾನೇ ಹೊಡೆದುಕೊಂಡಳು. ಮತ್ತೊಂದು ಸಲ ಎಂದಳು. ಆಗ ಕಣ್ಣು ಒದ್ದೆಯಾಗಿ ನಿಂತುಬಿಟ್ಟಳು. ಮತ್ತೆ ನನ್ನನ್ನು ಗೇಟಿಗೆ ಕಳಿಸಿದಳು.

ಈ ಸಲ ಸಾಧಿಸಿದಳು. ತಲೆ ತಗ್ಗಿಸಿ, ಸೆರಗು ಸರಿಮಾಡಿಕೊಂಡು, ಬೀದಿಯಲ್ಲಿ ಯಾರೋ ಹೋಗುತ್ತಿದ್ದಾರೆ ಎಂಬಂತೆ ನನ್ನ ಪಕ್ಕದಲ್ಲೇ ದಾಟಿ ಹೋದಳು. ಅವಳ ಮೈಯ ಒಗ್ಗರಣೆಯ ವಾಸನೆ ನನ್ನನ್ನು ಸವರಿಕೊಂಡು ಹೋಯಿತು. ದಾಟಿದ ಮೇಲೆ ತಿರುಗಿ, ಆಯ್ತು ನೋಡು, ಬತ್ತದೆ ನಂಗೆ ಎಂದು ಗೆದ್ದವಳಂತೆ ನಕ್ಕಳು.

ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಪ್ರಭುವಿಲ್ಲದೆ ಬದುಕುವುದು ನರಕವೆಂದು ಗೊತ್ತಿತ್ತು. ಆದರೆ ಈ ಮುದುಕಿ ನನ್ನ ಪಕ್ಕದಲ್ಲೇ ಹೀಗೆ ದಾಟಿ ಹೋಗುವುದನ್ನು ನೋಡಿಕೊಂಡು ಯಾರ ಮನೆಯಲ್ಲೂ ಸುಖವಾಗಿರಲು ನನ್ನಿಂದ ಆಗುತ್ತಿರಲಿಲ್ಲ.

ಭಾನುವಾರ ಅಮಾನಿಕೆರೆಯ ಏರಿಯ ಮೇಲೆ ಪ್ರಭುವಿಗೆ ಹೇಳಿದೆ. ಚನ್ನವೀರಯ್ಯನವರೇ ಧಾರೆ ಎರೆಯಲಿ. ಗಿರಿಯಮ್ಮನಿಗೆ ಹಿಂದೆ ಎಲ್ಲಾದರೂ ಒಂದು ಕುರ್ಚಿ ಸಾಕು. ಅಪ್ಪನನ್ನು ಒಂದು ಮಾತು ಕೇಳುತ್ತೀಯಾ ಎಂದೆ. ಅವನು ನೀರನ್ನೇ ನೋಡುತ್ತಿದ್ದ. ನಾನು ಹೇಳುವ ಮೊದಲೇ ಅವನು ಅಪ್ಪನನ್ನು ಕೇಳಿಯಾಗಿತ್ತು. ಮಹಾಲಿಂಗಯ್ಯ ಊಟದ ತಟ್ಟೆ ಸರಿಸಿ ಎದ್ದವರು ಮಗನ ಜೊತೆ ಮಾತು ಬಿಟ್ಟಿದ್ದರು.

"ಅಪ್ಪನ ಎದುರು ಇನ್ನೊಂದ್ಸಲ ಬಾಯಿ ತೆಗೆಯೋಕೆ ನನ್ನ ಕೈಲಾಗಲ್ಲ ಮಧು. ಮದುವೆ ಒಂದು ಆಗ್ಬಿಡ್ಲಿ. ಆಮೇಲೆ ಯಾರ್ಗೂ ಗೊತ್ತಾಗ್ದಂಗೆ ನಾನೇ ನಿನ್ನ ಅವರ ಹತ್ರ ಕರ್ಕೊಂಡು ಬರ್ತೀನಿ."

"ಕದ್ದು ನೋಡೋಕೆ ಅವಳೇನು ತಪ್ಪು ಮಾಡಿದ್ಲು?"

ಅವನು ಕಣ್ಣೀರು ಕೆನ್ನೆಗಿಳಿದರೂ ಒರೆಸಿಕೊಳ್ಳಲಿಲ್ಲ. ನನ್ನ ದುಪಟ್ಟಾದಿಂದ ನಾನೇ ಒರೆಸಿದೆ. ಇಷ್ಟು ಹತ್ತಿರದಿಂದ ಆ ಮುಖವನ್ನು ಇನ್ನು ನೋಡುವುದಿಲ್ಲ ಎಂದು ಗೊತ್ತಿದ್ದುದರಿಂದ ನಿಧಾನವಾಗಿಯೇ ಒರೆಸಿದೆ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ಎಷ್ಟು ಪ್ರಯತ್ನಪಟ್ಟರೂ ಬರಲಿಲ್ಲ.

ಅವತ್ತು ಬೈಕು ತಂದಿರಲಿಲ್ಲ. ಬಸ್ ಸ್ಟ್ಯಾಂಡಿನವರೆಗೂ ನಡೆದೇ ಹೋದೆವು. ಗುಬ್ಬಿ ಬಸ್ಸು ನಿಂತಿತ್ತು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದ.

"ಕಾಯ್ಲಾ ಮಧು? ಅಪ್ಪನ ಕೋಪ ಇಳಿಯೋವರ್ಗೂ ಕಾಯ್ತೀನಿ. ನೀನು ಹೂಂ ಅಂದ್ರೆ ಸಾಕು."

"ಬೇಡ," ಅಂದೆ.

ಅವನು ಜಗಳವಾಡಲಿ, ನಿನ್ನನ್ನ ಯಾರು ಕೇಳಿದ್ರು ಎನ್ನಲಿ, ನಾಳೆಯೇ ಬಂದು ಎದುರು ನಿಲ್ಲಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತ ಬೇಡ ಅಂದೆ. ಅವನು ತಲೆಯಾಡಿಸಿ ಬಸ್ಸು ಹತ್ತಿದ.

ಇಪ್ಪತ್ತೊಂದು ತುಂಬಿದ ಮೇಲೆ ನಾನು ಹೊರಗೆ ಬಂದೆ. ಲ್ಯಾಬಿನ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಮಾಡಿಕೊಂಡಿದ್ದೇನೆ. ರಜೆಯ ದಿನ ಗಿರಿಯಮ್ಮ ಬಂದು ಅಡುಗೆ ಮಾಡುತ್ತಾಳೆ. ಆ ಹುಡುಗ ಏನಾದ್ರೂ ಬಂದಿದ್ನಾ ಎಂದು ಪ್ರತಿ ಸಲವೂ ಕೇಳುತ್ತಾಳೆ. ಇಲ್ಲ ಎನ್ನುತ್ತೇನೆ.

ದೊಡ್ಡವರ ಮಾತನ್ನು ಮೀರದ ಹುಡುಗ ಅವನು. ನನ್ನ ಮಾತನ್ನೂ ಮೀರಲಿಲ್ಲ. ಬೇಡ ಅಂದೆ, ಕೇಳಿದ.