ಕೊಂಬಿನ ಮೇಲಿನ ಕೆಂಪು ಗೆರೆ

ಹಲ್ಲಿನ ಡಾಕ್ಟರು ಕರವಸ್ತ್ರದಲ್ಲಿ ಸುತ್ತಿ ತಂದದ್ದನ್ನು ಸೈಕಲ್ ಅಂಗಡಿಯ ಕೆಲಸದ ಮೇಜಿನ ಮೇಲೆ ಇಟ್ಟಾಗ ಬೆಳಿಗ್ಗೆ ಹತ್ತು ಗಂಟೆ. ಗೇಣುದ್ದವೂ ಇಲ್ಲದ ಅಲ್ಯೂಮಿನಿಯಂ ಕೊಂಬು. ಗುಡ್ಡ ಹತ್ತುವ ಸೈಕಲ್ಲಿನ ಹ್ಯಾಂಡಲ್ ತುದಿಗೆ ಕೂರಿಸುವಂಥದ್ದು. ಏರಿನಲ್ಲಿ ಹಿಡಿದು ಎಳೆಯಲು ಅನುಕೂಲ.

"ಡ್ರಿಲ್ ಟೀಚರ್ ಬಿದ್ದುಬಿಟ್ರು," ಎಂದರು ಡಾಕ್ಟರು. "ಬೆಳಿಗ್ಗೆ ಒಟ್ಟಿಗೆ ಹೋಗಿದ್ವಿ. ಏರಲ್ಲಿ ಎದ್ದು ನಿಂತು ತುಳೀತಿದ್ರು. ಇದು ಕಿತ್ತು ಕೈಗೇ ಬಂತು. ಪಕ್ಕದ ಕೊರಕಲಿಗೆ ಉರುಳಿದ್ರು. ಆಸ್ಪತ್ರೇಲಿ ಇನ್ನೂ ಕಣ್ಣು ಬಿಟ್ಟಿಲ್ಲ."

ಮೆಕ್ಯಾನಿಕ್‌ನ ಕಣ್ಣು ಕೊಂಬಿನ ಮೇಲೆ ನಿಂತಿತು. ನಿನ್ನೆ ಮಧ್ಯಾಹ್ನ ಅದನ್ನು ಕೂರಿಸಿದ್ದು ಅವನೇ.

ಅವನನ್ನು ಎಲ್ಲರೂ ಗೆರೆ ಮಾಮ ಎನ್ನುತ್ತಿದ್ದರು. ಬೋಲ್ಟು ಬಿಗಿ ಮಾಡಿ ಆದಮೇಲೆ, ಅದರ ತಲೆಯಲ್ಲಿ ಕೀ ಹಾಕುವ ತೂತಿನ ಒಳಗಿಂದಲೇ ಶುರುಮಾಡಿ, ತಲೆ ದಾಟಿ ಅದು ಬಿಗಿಯುವ ಪಟ್ಟಿಯವರೆಗೆ ಒಂದು ಕೆಂಪು ಗೆರೆ ಎಳೆಯುವುದು ಮೂವತ್ತು ವರ್ಷದ ಪದ್ಧತಿ. ಬಣ್ಣ ಬೇರೇನಲ್ಲ, ಮಗಳು ಅರ್ಧ ಬಳಸಿ ಕೊಟ್ಟ ಉಗುರು ಬಣ್ಣ. ಬೋಲ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ತಪ್ಪುತ್ತದೆ, ಸಡಿಲವಾದದ್ದು ಗೊತ್ತಾಗುತ್ತದೆ.

ಮಾಮ ಕೊಂಬನ್ನು ತಿರುಗಿಸಿ ನೋಡಿದ. ಗೆರೆ ನೇರವಾಗಿತ್ತು.

ಗೆರೆ ತಪ್ಪಿದ್ದರೆ ದಾರಿಯ ಕುಲುಕಾಟಕ್ಕೆ ಸಡಿಲವಾಯಿತು ಎನ್ನಬಹುದಿತ್ತು. ನೇರವಾಗಿದೆ ಎಂದರೆ ಬೋಲ್ಟು ತಿರುಗೇ ಇಲ್ಲ. ಹಾಗಾದರೆ ಬಿಗಿ ಮಾಡುವುದನ್ನೇ ಮರೆತು ಗೆರೆ ಎಳೆದೆನೇ?

"ಮೂರು ತಿಂಗಳಿಂದ ಹೇಳ್ತಾನೇ ಇದೀನಿ ಮಾವ, ನಿಮಗೆ ಮರೆವು ಜಾಸ್ತಿ ಆಗಿದೆ ಅಂತ," ಎಂದ ಕೌಂಟರಿನಲ್ಲಿದ್ದ ಅಳಿಯ, ತೀರಾ ಮೆಲ್ಲಗೆ. "ಮೊದ್ಲು ಒಂದು ಸೀಟು ಸಡಿಲ, ಆಮೇಲೆ ಪೆಡಲ್ಲು. ಈಗ ಇದು."

ಆ ಮೂರು ತಿಂಗಳು ಮಾಮ ಹೇಗೆ ಕಳೆದಿದ್ದ ಎಂಬುದು ಅವನಿಗೇ ಗೊತ್ತು. ಬೆಳಿಗ್ಗೆ ಎದ್ದ ಕೂಡಲೇ ಮಗಳು ಹುಟ್ಟಿದ ತಾರೀಖು ನೆನಪಿದೆಯೇ ಎಂದು ತನ್ನನ್ನೇ ಪರೀಕ್ಷಿಸಿಕೊಳ್ಳುತ್ತಿದ್ದ. ಯಾರಿಗೂ ಹೇಳಿರಲಿಲ್ಲ. ಒಂದು ಜೀವ ಹೋದರೆ ಇನ್ನು ಕೀ ಮುಟ್ಟುವುದು ಹೇಗೆ?

ಅರ್ಧ ಗಂಟೆಯಲ್ಲಿ ಇನ್ಸ್‌ಪೆಕ್ಟರ್ ಬಂದರು. ಕುತ್ತಿಗೆಗೆ ಕನ್ನಡಕ ನೇತುಹಾಕಿಕೊಂಡ, ಅವಸರವಿಲ್ಲದ ಹೆಂಗಸು. ಟೀಚರ ಸೈಕಲ್ಲನ್ನೂ ತರಿಸಿದ್ದರು. ಬಲಗಡೆಯ ಕೊಂಬು ಇನ್ನೂ ಅದರ ಮೇಲಿತ್ತು. ನಿನ್ನೆ ಇದನ್ನು ಮುಟ್ಟಿದವರು ಯಾರ್ಯಾರು ಎಂದು ಕೇಳಿದರು.

ಮಾಮ ಮೂರಕ್ಕೆ ಕೆಲಸ ಮುಗಿಸಿ ಕನ್ನಡಕ ಬದಲಿಸಲು ಹೋಗಿದ್ದ. ಐದಕ್ಕೆ ಟೀಚರ್ ಬಂದು ಸೈಕಲ್ ಒಯ್ದಿದ್ದರು. ನಡುವೆ ಅಂಗಡಿಯಲ್ಲಿದ್ದದ್ದು ಅಳಿಯ. ಸೈಕಲ್ ಬೆಲ್ಲು ಕೊಳ್ಳಲು ಬಂದ ಡಾಕ್ಟರೂ ಆ ಸೈಕಲ್ಲಿನ ಪಕ್ಕದಲ್ಲೇ ಸುಮಾರು ಹೊತ್ತು ನಿಂತಿದ್ದರು. ಮುಂದಿನ ವಾರ ಗುಡ್ಡದ ಪಂದ್ಯ. ಎರಡು ವರ್ಷದಿಂದ ಟೀಚರ್ ಡಾಕ್ಟರನ್ನು ಸೋಲಿಸುತ್ತಿದ್ದರು. ಇದನ್ನು ನೆನಪಿಸಿದ್ದು ಅಳಿಯ. ಡಾಕ್ಟರ ಮುಖ ಬಿಳಿಚಿಕೊಂಡಿತು.

"ನಾನು ಬರೀ ನೋಡಿದೆ ಮೇಡಂ. ಬೋಲ್ಟಿಗೆ ಉಗುರು ಬಣ್ಣ ಯಾಕೆ ಅಂತಾನೂ ನಂಗೆ ಗೊತ್ತಿಲ್ಲ."

ಇನ್ಸ್‌ಪೆಕ್ಟರ್ ಆ ಗೆರೆ ಏಕೆಂದು ಮಾಮನಿಂದ ಕೇಳಿ ತಿಳಿದುಕೊಂಡರು. "ಈ ಕೊಂಬನ್ನ ಆರಿಸಿದ್ದು ಯಾರು?" ಎಂದರು.

ಮಾಮ ತೊದಲುತ್ತ ಹೇಳಿದ. ನಿನ್ನೆ ಬೆಳಿಗ್ಗೆ ಟೀಚರ್ ಒಂದು ತಾಸು ಕನ್ನಡಿ, ಬೆಲ್ಲು, ದಪ್ಪ ರಬ್ಬರ್ ಹಿಡಿ ಎಲ್ಲ ಹರಡಿಕೊಂಡು ಕೂತಿದ್ದರು. ಅಳಿಯ ಉದ್ದನೆಯ ಬಾಗಿದ ಕೊಂಬುಗಳನ್ನು ಮುಂದಿಟ್ಟು ಬಾಯಿತುಂಬ ಹೊಗಳುತ್ತಿದ್ದ. ಪೊದೆಯ ದಾರಿಗೆ ಕನ್ನಡಿಯೂ ಬೇಡ, ಅವೂ ಬೇಡ, ಕೊಂಬೆಗೆ ಸಿಕ್ಕಿಕೊಳ್ಳುತ್ತವೆ ಎಂದು ಮಾಮ ಎದ್ದು ಹೋಗಿ ಹೇಳಿದ್ದ. ಇವನ್ನು ಹಾಕಿಸಿಕೊಂಡರೆ ಎಮ್ಮೆ ಮೇಯಲು ಹೊರಟ ಹಾಗೆ ಕಾಣುತ್ತೆ ಎಂದು ತಮಾಷೆ ಬೇರೆ ಮಾಡಿದ್ದ. ಟೀಚರ್ ಬಿದ್ದು ಬಿದ್ದು ನಕ್ಕು ಚಿಕ್ಕ ಕೊಂಬು ತೆಗೆದುಕೊಂಡರು.

"ನಿಮ್ಮ ಅಳಿಯಂದಿರೂ ನಕ್ಕರಾ?"

ಮಾಮನಿಗೆ ನೆನಪಾಗಲಿಲ್ಲ. ನೆನಪಾಗದ್ದಕ್ಕೇ ಮತ್ತೆ ಭಯವಾಯಿತು.

"ಈ ಬೋಲ್ಟಿಗೆ ಯಾವ ಕೀ?"

"ಐದು ಎಂ.ಎಂ. ಅಲೆನ್ ಕೀ, ಆರು ಮೂಲೆಯ ಕಡ್ಡಿ."

"ಮೂವರೂ ನಿಮ್ಮ ನಿಮ್ಮದನ್ನ ಇಲ್ಲಿಡಿ."

ಮಾಮ ಗೋಡೆಯ ಮೊಳೆಯಿಂದ ತನ್ನದನ್ನು ತೆಗೆದಿಟ್ಟ. ಡಾಕ್ಟರು ಸೈಕಲ್ ಚೀಲದಿಂದ ತೆಗೆದರು. ತಾನು ಕೌಂಟರಿನವನು, ಕೀ ಹಿಡಿದವನೇ ಅಲ್ಲ ಎಂದ ಅಳಿಯ. ಇನ್ಸ್‌ಪೆಕ್ಟರ್ ಅವನ ಸೊಂಟದತ್ತ ಬೆರಳು ತೋರಿಸಿದರು. ಷೋಕೇಸಿನ ಬೀಗದ ಕೈ ಗೊಂಚಲಲ್ಲಿ ಮಡಚುವ ಅಲೆನ್ ಕೀಗಳ ಸಣ್ಣ ಕಟ್ಟೊಂದು ನೇತಾಡುತ್ತಿತ್ತು.

ಅವರು ಕನ್ನಡಕ ಏರಿಸಿ ಮೂರೂ ಕೀಗಳ ತುದಿ ನೋಡಿದರು. ಆಮೇಲೆ ಕೊಂಬನ್ನು ಮಾಮನ ಕೈಗೆ ಕೊಟ್ಟರು.

"ಗೆರೆ ನೇರವಾಗಿದೆ ಅಂತ ಹೆದರಿ ಅಲ್ಲಿಗೇ ಬಿಟ್ರಿ ನೀವು. ಹತ್ತಿರದಿಂದ ನೋಡಿ. ನೇರವಾಗಿದೆ, ಆದ್ರೆ ತುಂಡಾಗಿದೆ."

ಮಾಮ ನೋಡಿದ. ಬೋಲ್ಟಿನ ತಲೆಗೂ ಪಟ್ಟಿಗೂ ನಡುವೆ ಬಣ್ಣ ಸಣ್ಣಗೆ ಬಿರುಕು ಬಿಟ್ಟು, ಅಂಚು ಪುಡಿಯಾಗಿತ್ತು. ಬಲಗಡೆಯ ಕೊಂಬಿನ ಗೆರೆ ಮಾತ್ರ ಅಖಂಡವಾಗಿತ್ತು.

"ಒಣಗಿದ ಮೇಲೆ ಯಾರೋ ತಿರುಗಿಸಿದ್ದಾರೆ," ಎಂದರು ಇನ್ಸ್‌ಪೆಕ್ಟರ್. "ಸರಿಯಾಗಿ ಒಂದು ಸುತ್ತು. ಗೆರೆ ಮತ್ತೆ ಗೆರೆಗೇ ಬಂದು ಕೂತಿದೆ. ಬೋಲ್ಟು ಮಾತ್ರ ಸಡಿಲ. ಹಾಗೆ ಲೆಕ್ಕ ಇಟ್ಟು ತಿರುಗಿಸೋದು ಗೆರೆ ಯಾಕೆ ಅಂತ ಗೊತ್ತಿರೋರು. ಡಾಕ್ಟರಿಗೆ ಅದು ಗೊತ್ತಿಲ್ಲ, ಅವರ ಕೀಗೂ ಬಣ್ಣ ಅಂಟಿಲ್ಲ. ಮಾಮ ಬಣ್ಣ ಹಚ್ಚೋದು ಕೊನೆಗೆ, ಆಮೇಲೆ ಅವರ ಕೀ ಆ ತೂತಿಗೆ ಹೋಗಲ್ಲ. ಅವರ ಕೀ ಶುಭ್ರವಾಗಿದೆ." ಅವರು ಅಳಿಯನ ಕಡೆ ತಿರುಗಿದರು. "ಕೀ ಹಿಡಿಯದೋರ ಐದರ ಕೀ ತುದಿಗೆ ಈ ಕೆಂಪು ಎಲ್ಲಿಂದ ಬಂತು?"

ಅಳಿಯ ಕೌಂಟರಿಗೆ ಒರಗಿದ. "ಅಲ್ಲಾಡುತ್ತೆ ಅಂತ ವಾಪಸ್ ತರ್ತಾರೆ ಅಂದ್ಕೊಂಡೆ. ಬೀಳ್ತಾರೆ ಅಂತ ಖಂಡಿತ ಅಂದ್ಕೊಳ್ಳಲಿಲ್ಲ... ಗಿರಾಕಿ ಮುಂದೆ ನನ್ನ ಮಾತಿಗೆ ಬೆಲೇನೇ ಇಲ್ಲ. ಇವರು ಮನೇಲಿ ಕೂತಿದ್ರೆ ಸಾಕಿತ್ತು."

ಮಾಮನಿಗೆ ಸಿಟ್ಟು ಬರಲಿಲ್ಲ. ಒಂದೇ ಪ್ರಶ್ನೆ ಬಂತು.

"ಆ ಸೀಟು? ಪೆಡಲ್ಲು?"

ಅಳಿಯ ನೆಲ ನೋಡಿದ.

ಮೂರು ತಿಂಗಳ ಭಯ ಮಾಮನ ಮೈಯಿಂದ ಇಳಿದುಹೋಯಿತು. ಅವನು ಮೇಜು ಹಿಡಿದುಕೊಂಡು ಸ್ಟೂಲಿನ ಮೇಲೆ ಕೂತ. ಅಷ್ಟರಲ್ಲಿ ಡಾಕ್ಟರ ಫೋನು ರಿಂಗಾಯಿತು. ಟೀಚರ್ ಕಣ್ಣು ಬಿಟ್ಟಿದ್ದರಂತೆ, ಮೊದಲು ಕೇಳಿದ್ದು ಸೈಕಲ್ಲಿನ ಬಗ್ಗೆಯಂತೆ. ಮಾಮ ಎಲ್ಲರೆದುರೇ ಅತ್ತುಬಿಟ್ಟ.

ಅಳಿಯನನ್ನು ಕರೆದುಕೊಂಡು ಹೊರಟವರು ಬಾಗಿಲು ದಾಟಿದ ಮೇಲೆ ಮಾಮನ ಕಣ್ಣು ಮೇಜಿನ ಮೇಲಿದ್ದ ಕೆಂಪು ಸೀಸೆಯ ಮೇಲೆ ಬಿತ್ತು. ಹೋದ ವಾರವಷ್ಟೇ ಮಗಳು ಕೊಟ್ಟದ್ದು. ಈಗ ಮನೆಗೆ ಹೋಗಬೇಕು, ಅವಳನ್ನು ಕೂರಿಸಿಕೊಂಡು ಗಂಡ ಮಾಡಿದ್ದೆಲ್ಲವನ್ನೂ ಹೇಳಬೇಕು. ಒಂದೊಂದು ಮಾತೂ ಸ್ಪಷ್ಟವಾಗಿ ನೆನಪಿತ್ತು. ಮರೆವು ನಿಜವಾಗಿದ್ದರೇ ಚೆನ್ನಾಗಿತ್ತೇನೋ ಎಂದು ಅವನಿಗೆ ಮೊದಲ ಸಲ ಅನ್ನಿಸಿತು.