ಖಾಲಿ ಜಾಗದಲ್ಲಿ ಹಳದಿ ಬಕೆಟ್

ಮೆಕ್ಸಿಕೊದ ಪ್ವೆಬ್ಲಾ ಊರಿನವರ ಬಾಯಿ ತೆರೆಸಿ ಒಳಗೆ ಇಣುಕುವುದರಲ್ಲೇ ಆಯುಷ್ಯ ಕಳೆದ ಹಲ್ಲಿನ ಡಾಕ್ಟರು ನಾನು, ಇಲಾರಿಯೋ. ಹುಳುಕು, ಕೀವು, ನಾತ, ಯಾವುದಕ್ಕೂ ಮೂಗು ಮುಚ್ಚಿಕೊಂಡವನಲ್ಲ. ಆದರೆ ಆ ಬಾಡಿಗೆ ಕಾರಿನ ಪ್ರಕರಣ ನೆನಪಾದರೆ ಈಗಲೂ ಮುಂದಿನ ತಟ್ಟೆ ಪಕ್ಕಕ್ಕೆ ಸರಿಸುತ್ತೇನೆ.

ಅಂದು ಬೆಳಗ್ಗೆ, ಬೀದಿಯವರೆಲ್ಲ ಗೌರವದಿಂದ ದೋನ್ಯಾ ಎಂದು ಕರೆಯುವ ರೆಮೆದಿಯೋಸ್ ಅವರ ಮನೆಯಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದೆ. ಆಕೆ ಪೊಲೀಸ್ ಪತ್ತೆ ವಿಭಾಗದಿಂದ ನಿವೃತ್ತರಾಗಿ ಬಹಳ ಕಾಲವಾಗಿತ್ತು. ಆದರೂ ನಮ್ಮ ಬೀದಿಯಲ್ಲಿ ಏನೇ ಕಳೆದುಹೋದರೂ ಜನ ಮೊದಲು ಬರುತ್ತಿದ್ದದ್ದು ಆಕೆಯ ಬಾಗಿಲಿಗೆ. ನನ್ನ ಕೆಲಸ ಆಕೆಯ ಜೊತೆ ಓಡಾಡುವುದು, ಆಕೆ ಯೋಚಿಸುವಾಗ ಬಾಯಿ ಮುಚ್ಚಿಕೊಂಡಿರುವುದು. ಎರಡನೆಯದು ನನಗೆ ಕೊನೆಗೂ ಒಗ್ಗಲಿಲ್ಲ.

ಬಾಗಿಲು ತಟ್ಟಿ ಒಳಗೆ ಬಂದಾಕೆ ಕುಂಟುತ್ತಿದ್ದಳು. ಮೊಣಕಾಲಿನ ಕೆಳಗೆ ಚರ್ಮ ತರಚಿತ್ತು. ಆಂತೋನಿಯಾ ರೆಬೊಯೆದೊ ಎಂದು ಹೆಸರು ಹೇಳಿದಳು. ಚಿಲಿ ದೇಶದ ಶಾಲಾ ಶಿಕ್ಷಕಿ. ಮೆಕ್ಸಿಕೊಗೆ ಇದೇ ಮೊದಲ ಸಲ ಬಂದಿದ್ದಳು. ನಮ್ಮ ಬೀದಿಯಲ್ಲೇ ದೋನ್ ಫಿದೆನ್ಸಿಯೋನ ವಸತಿಗೃಹದಲ್ಲಿ ಇಳಿದುಕೊಂಡಿದ್ದಳು.

"ಅಮ್ಮಾ, ಬಾಡಿಗೆ ಕಾರು ಕಳುವಾಯ್ತು. ಕಾರು ಹಾಳಾಗ್ಲಿ. ಅದರ ಡಿಕ್ಕೀಲಿ ನಮ್ಮಮ್ಮ ಇದ್ರು."

ನಾನು ಲೋಟ ಕೆಳಗಿಟ್ಟೆ.

"ಅಮ್ಮನ ಬೂದಿ," ಎಂದಳು ಆಕೆ. "ನೀಲಿ ಡಬ್ಬೀಲಿ. ಮುಚ್ಚಳದ ಮೇಲೆ ಹಾಯಿದೋಣಿ ಚಿತ್ರ. ಅಮ್ಮ ಹುಟ್ಟಿದ್ದು ಇಲ್ಲೇ ಬೆಟ್ಟದ ಮೇಲಿನ ಹಳ್ಳೀಲಿ. ಮದುವೆಯಾಗಿ ಚಿಲಿಗೆ ಬಂದವಳು ತಿರುಗಿ ಒಂದು ಸಲಾನೂ ಇಲ್ಲಿಗೆ ಬರ್ಲಿಲ್ಲ. ಸತ್ತ ಮೇಲಾದ್ರೂ ಕರ್ಕೊಂಡು ಹೋಗು ಅಂತ ಕೈ ಹಿಡ್ಕೊಂಡು ಕೇಳಿದ್ಲು. ನಾಡಿದ್ದು ನನ್ನ ವಿಮಾನ. ಬರಿಗೈಲಿ ಹೋದ್ರೆ ನಾನು ಹೇಗಮ್ಮ ಬದುಕ್ಲಿ?"

ದೋನ್ಯಾ ರೆಮೆದಿಯೋಸ್ ಆಕೆಯನ್ನು ಕೂರಿಸಿ ನೀರು ಕೊಟ್ಟರು. "ಮೊದಲಿಂದ ಹೇಳಮ್ಮ. ಬಸ್ಸಲ್ಲಿ ಯಾಕೆ ಹೋಗ್ಲಿಲ್ಲ?"

"ಬಸ್ಸಲ್ಲೇ ಅಂದ್ಕೊಂಡಿದ್ದೆ. ಬಂದ ದಿನ ದೋನ್ ಫಿದೆನ್ಸಿಯೋ ಜೊತೆ ನಕ್ಷೆ ಹರಡ್ಕೊಂಡು ಕೂತೆ, ಅಮ್ಮನ ಬೂದಿ ವಿಷಯಾನೂ ಹೇಳ್ದೆ. ಬಸ್ಸು ಹಳ್ಳೀವರೆಗೆ ಹೋಗಲ್ಲ, ಕಾರು ಮಾಡ್ಕೊಳಿ ಅಂದ್ರು. ಲೆಯೊಬಾರ್ದೊ ಸೆಂತೇನೊ ಅನ್ನೋರ ಅಂಗಡಿ ತೋರಿಸಿದ್ರು. ಕಾಸು ಕೊಟ್ಟು ಪಾರ್ಕಿಂಗ್ ಜಾಗ ಯಾಕೆ, ಬೀದೀಲೇ ಬಿಡಿ, ನಬೋರ್ ನೋಡ್ಕೋತಾನೆ ಅಂದ್ರು."

ನಬೋರ್ ನಮ್ಮ ಬೀದಿಯ ಕಾರು ಕಾಯುವವನು. ಕೆಂಪು ಬಟ್ಟೆ ಬೀಸಿ ಕಾರುಗಳನ್ನು ನಿಲ್ಲಿಸುತ್ತಾನೆ, ಅದೇ ಬಟ್ಟೆಯಿಂದ ಗಾಜು ಒರೆಸುತ್ತಾನೆ, ಜನ ಕೊಟ್ಟಷ್ಟು ತೆಗೆದುಕೊಳ್ಳುತ್ತಾನೆ.

"ಇವತ್ತು ಬೆಳಗ್ಗೆ ಡಬ್ಬಿ, ಸೂಟ್‌ಕೇಸು ಡಿಕ್ಕೀಲಿಟ್ಟು ಹೊರಡೋಕೆ ನಿಂತಿದ್ದೆ. ದೋನ್ ಫಿದೆನ್ಸಿಯೋ ಬಿಡ್ಲಿಲ್ಲ, ತಿಂಡಿ ತಿಂದೇ ಹೋಗ್ಬೇಕು ಅಂದ್ರು. ಮೊಟ್ಟೆ ಬಡಿಸಿ, ಬಿಸಿ ರೊಟ್ಟಿ ತರ್ತೀನಿ ಅಂತ ಮೂಲೆ ಅಂಗಡಿಗೆ ಹೋದ್ರು. ಬರೋದು ತುಂಬಾ ತಡ ಆಯ್ತು. ರೊಟ್ಟಿ ತಣ್ಣಗಿತ್ತು. ಸಂಕೋಚಕ್ಕೆ ತಿಂದೆ. ಹೊರಗೆ ಬಂದ್ರೆ ಕಾರಿಲ್ಲ! ಬಾಗಿಲು ತಪ್ಪಿ ಬಂದ್ನೇನೋ ಅಂತ ಹೆಜ್ಜೆ ಮುಂದಿಟ್ಟವಳು ಬಕೆಟ್ ಎಡವಿ ಬಿದ್ದೆ. ಆಮೇಲೆ ಕಿರುಚ್ಕೊಂಡೆ."

"ಯಾವ ಬಕೆಟ್?"

"ಹಳದಿ ಬಕೆಟ್. ಒಳಗೆ ಸಿಮೆಂಟ್ ತುಂಬಿತ್ತು. ಕಾಲು ಮುರೀಲಿಲ್ಲ ಪುಣ್ಯ."

ದೋನ್ಯಾ ರೆಮೆದಿಯೋಸ್ ಶಾಲು ಹೊದ್ದರು. "ಡಾಕ್ಟ್ರೇ, ಕಾಫಿ ಸಾಕು, ಏಳಿ."

ವಸತಿಗೃಹದ ಮುಂದೆ ಇನ್‌ಸ್ಪೆಕ್ಟರ್ ಬೆರ್ಲಾಂಗ ಆಗಲೇ ಪ್ರಕರಣ ಮುಗಿಸಿ ಹಲ್ಲುಕಡ್ಡಿ ಕಚ್ಚುತ್ತಿದ್ದ. ನಬೋರನ ಕೈಗೆ ಬೇಡಿ ಬಿದ್ದಿತ್ತು. ಬೇಡಿ ಹಾಕಲು ಬಡವನೊಬ್ಬ ಸಿಕ್ಕಿದರೆ ಈ ಬೆರ್ಲಾಂಗನಿಗೆ ತನಿಖೆಯೇ ಬೇಕಿಲ್ಲ. ಅವನ ಮುಖ ನೋಡಿದರೆ ನನಗೆ ಮೈ ಉರಿಯುತ್ತದೆ.

"ಗಾಜು ಒಡೆದಿಲ್ಲ, ಅಲಾರಂ ಕೂಗಿಲ್ಲ. ಕಾಯೋನೇ ಕಳ್ಳರಿಗೆ ಮಾರ್ಕೊಂಡಿದಾನೆ," ಎಂದ ಬೆರ್ಲಾಂಗ.

"ತಾಯಾಣೆ ಇಲ್ಲ, ದೋನ್ಯಾ," ಎಂದು ನಬೋರ್ ಅತ್ತ. "ಮೂಲೇಲಿ ಜೋಳದ ಕಡುಬು, ತಮಾಲೆ ತಿನ್ತಿದ್ದೆ. ಮಾರೋ ಹೆಂಗಸನ್ನೇ ಕೇಳಿ. ತಿರುಗಿ ನೋಡ್ದಾಗ ಕಾರಿರ್ಲಿಲ್ಲ, ಬಕೆಟ್ ಇತ್ತು. ಅಮ್ಮಾವ್ರು ಹೊರಟ್ರು, ಮನೆಯೋರು ಜಾಗ ಹಿಡಿದ್ರು ಅಂದ್ಕೊಂಡೆ."

ಕಾರಿನ ಒಡೆಯ ಲೆಯೊಬಾರ್ದೊ ಸೆಂತೇನೊ ಕೂಡ ಬಂದಿದ್ದ. ಅತ್ತರಿನ ಘಾಟು ಮೊದಲು ಬಂತು, ಮನುಷ್ಯ ಆಮೇಲೆ ಬಂದ. ಆಂತೋನಿಯಾಳ ಕೈ ಹಿಡಿದು, "ಛೆ ಛೆ, ಎಂಥಾ ಅನ್ಯಾಯ! ಆದ್ರೆ ನೋಡಿ ಮೇಡಂ, ಬೀದೀಲಿ ಬಿಟ್ಟ ಕಾರು ಹೋದ್ರೆ ಠೇವಣಿ ವಾಪಸ್ಸಿಲ್ಲ. ಕರಾರಲ್ಲೇ ಇದೆಯಲ್ಲ," ಎಂದ. ಗೆದ್ದಲು ತಿಂದ ಬಾಗಿಲಿಗೆ ಬಣ್ಣ ಬಳಿದಂಥ ನಗು. ಇವನೇ ಕಳ್ಳ ಎಂದು ನಾನು ಆ ಕ್ಷಣದಲ್ಲೇ ತೀರ್ಮಾನಿಸಿಬಿಟ್ಟೆ.

"ತಿಂಡಿ ಹೊತ್ತಲ್ಲಿ ಎಲ್ಲಿದ್ರಿ?" ಎಂದು ಗದರಿದೆ.

"ಅಂಗಡೀಲೇ ಇದ್ದೆ ಡಾಕ್ಟ್ರೇ. ಈ ಬೀದೀಗೆ ಕಾಲಿಟ್ಟಿದ್ದೇ ಈಗ. ಯಾರನ್ನಾದ್ರೂ ಕೇಳ್ಕೊಳಿ."

ಬೀದಿಯವರು ಯಾರೂ ಅವನನ್ನು ಕಂಡಿರಲಿಲ್ಲ. ನನಗೆ ನಿರಾಸೆಯಾಯಿತು.

ದೋನ್ ಫಿದೆನ್ಸಿಯೋ ನಮ್ಮನ್ನು ಒಳಗಿನ ಅಂಗಳಕ್ಕೆ ಕರೆದ. ಕೊರಳಲ್ಲಿ ಶಿಲುಬೆ, ಸೊಂಟಕ್ಕೆ ಬಿಳಿ ಏಪ್ರನ್. ಅವನ ಕೈಯ ಮೆಣಸಿನಕಾಯಿ ಗೊಜ್ಜು 'ಮೋಲೆ'ಯನ್ನು ಎಷ್ಟು ಸಲ ಬೆರಳು ಚೀಪಿಕೊಂಡು ತಿಂದಿದ್ದೇನೋ ಲೆಕ್ಕವಿಲ್ಲ. "ಪಾಪ, ತಾಯಿ ಬೂದಿ ಡಾಕ್ಟ್ರೇ! ರಾಕ್ಷಸರು!" ಎಂದು ಕಣ್ಣೊರೆಸಿಕೊಂಡ.

ದೋನ್ಯಾ ರೆಮೆದಿಯೋಸ್ ಬಿಸಿನೀರು ಬೇಕೆಂದು ನೇರ ಅಡುಗೆಮನೆಗೆ ನುಗ್ಗಿದರು. ನಾನು ಅಂಗಳದಲ್ಲಿ ನಿಂತು ಲಿಂಬೆ ಗಿಡ ನೋಡುತ್ತಿದ್ದೆ. ಬುಡದ ಸುತ್ತ ಬೂದು ಪುಡಿ ಚೆಲ್ಲಿತ್ತು.

"ಇರುವೆ ಕಾಟ," ಎಂದ ಫಿದೆನ್ಸಿಯೋ. "ಒಲೆ ಬೂದಿ ಹಾಕಿದ್ರೆ ಹತ್ರ ಬರಲ್ಲ."

ಗಿಡದ ಪಕ್ಕದಲ್ಲಿ ಗ್ಯಾಸ್ ಸಿಲಿಂಡರುಗಳು ಸಾಲಾಗಿ ನಿಂತಿದ್ದವು. ನಾನು ಅವನ್ನೂ ನೋಡಿದೆ. ನೋಡಿ ಏನು ಪ್ರಯೋಜನ!

ಹೊರಗೆ ಬಂದ ಆಕೆ ಬೆರ್ಲಾಂಗನಿಗೆ, "ಎಲ್ಲರನ್ನೂ ಅಂಗಳಕ್ಕೆ ಕರ್ಕೊಂಡು ಬಾಪ್ಪ. ನಬೋರನನ್ನೂ," ಎಂದರು. ತಮ್ಮ ಕೈಕೆಳಗೆ ಕೆಲಸ ಕಲಿತವನಿಗೆ ಆಕೆ ಮಾತಾಡುವ ರೀತಿಯೇ ಅದು. ಬೆರ್ಲಾಂಗ ಗೊಣಗುತ್ತಲೇ ಕರೆತಂದ.

ಎಲ್ಲರೂ ನಿಂತ ಮೇಲೆ ಆಕೆ ಕುರ್ಚಿ ಎಳೆದು ಕೂತರು.

"ಈ ಬೀದೀಲಿ ಕಾರು ನಿಲ್ಲಿಸೋ ಜಾಗಕ್ಕೆ ಎಷ್ಟು ಕಚ್ಚಾಟ ಅಂತ ನಮಗೆಲ್ಲ ಗೊತ್ತು. ಪ್ರತಿ ಮನೇಲೂ ಸಿಮೆಂಟ್ ತುಂಬಿದ ಬಕೆಟ್ ಇದೆ. ಒಂದು ಕಾರು ಹೊರಟ ತಕ್ಷಣ ಆ ಮನೆಯೋರು ಬಕೆಟ್ ಇಟ್ಟು ಜಾಗ ಹಿಡೀತಾರೆ. ಯೋಚನೆ ಮಾಡಿ ಮಾಡೋದಲ್ಲ, ಕೈ ತಾನಾಗೇ ಮಾಡುತ್ತೆ. ಫಿದೆನ್ಸಿಯೋ ಅವರೇ, ಹಳದಿ ಬಕೆಟ್ ಯಾರದು?"

"ನಮ್ದೇ."

"ಎಲ್ಲಿಡ್ತೀರಿ?"

"ಬಾಗಿಲ ಒಳಗೆ."

"ಕಾರು ಹೋಗಿದೆ ಅಂತ ನಿಮಗೆ ಗೊತ್ತಾಗಿದ್ದು ಯಾವಾಗ?"

"ಮೇಡಂ ಕಿರುಚಿದಾಗಲೇ! ಎದೆ ಧಸಕ್ ಅಂತು."

"ಆದ್ರೆ ಮೇಡಂ ಕಿರುಚಿದ್ದು ಆ ಬಕೆಟ್ ಎಡವಿ ಬಿದ್ದ ಮೇಲೆ," ಎಂದರು ದೋನ್ಯಾ ರೆಮೆದಿಯೋಸ್. "ಅಂದ್ರೆ ಕಳುವು ಬೆಳಕಿಗೆ ಬರೋಕೆ ಮೊದಲೇ ಈ ಮನೆಯ ಒಳಗಿಂದ ಯಾರೋ ಬಕೆಟ್ ತಂದು ಖಾಲಿ ಜಾಗದಲ್ಲಿ ಇಟ್ರು. ಊಟದ ಮೇಜಲ್ಲಿ ಕೂತ ಅತಿಥಿಯ ಕಾರು ಮಾಯವಾಗಿದೆ, ಜಾಗ ಖಾಲಿ ಇದೆ. ಕಂಡವನು ಕೂಗಲಿಲ್ಲ. ಜಾಗ ಹಿಡಿದ."

ಆಂತೋನಿಯಾ ತನ್ನ ಕಾಲಿನ ಗಾಯವನ್ನೇ ನೋಡುತ್ತಿದ್ದಳು.

"ಬೇರೆ ಯಾರೋ ಇಟ್ಟಿರ್ಬಹುದು," ಎಂದ ಫಿದೆನ್ಸಿಯೋ.

"ಮನೇಲಿದ್ದದ್ದು ನೀವು, ಈಕೆ. ಇಬ್ಬರೇ. ಈಕೆ ತಾನಿಟ್ಟ ಬಕೆಟ್ಟನ್ನ ತಾನೇ ಎಡವ್ತಾಳಾ? ನೀವು ಬಿಸಿ ರೊಟ್ಟಿ ತರೋಕೆ ಹೋದ್ರಿ. ಮೂಲೆ ಅಂಗಡಿ ರೊಟ್ಟಿ ಬಟ್ಟೇಲಿ ಸುತ್ತಿ ತಂದ್ರೆ ಕೈ ಸುಡುತ್ತೆ. ಈಕೆ ತಿಂದಿದ್ದು ತಣ್ಣಗಿನ ರೊಟ್ಟಿ. ನೀವು ಅಂಗಡಿಗೆ ಹೋಗ್ಲೇ ಇಲ್ಲ. ಮೊದಲೇ ತಂದಿಟ್ಕೊಂಡಿದ್ರಿ. ಆ ಹೊತ್ತಲ್ಲಿ ಇನ್ನೊಂದು ಕೀಲಿ ಹಾಕಿ ಕಾರು ಓಡಿಸ್ಕೊಂಡು ಹೋಗಿ ಪಕ್ಕದ ಬೀದೀಲಿ ಕಾಯ್ತಿದ್ದವನಿಗೆ ಕೊಟ್ರಿ. ಆ ಕೀಲಿ ಇರೋದು ಒಬ್ಬರ ಹತ್ರ ಮಾತ್ರ."

ಲೆಯೊಬಾರ್ದೊ ಬಾಗಿಲ ಕಡೆ ನೋಡಿದ. ಬೆರ್ಲಾಂಗ ಅಡ್ಡ ನಿಂತ. ಅವನು ಅಂದು ಮಾಡಿದ ಮೊದಲ ಸರಿಯಾದ ಕೆಲಸ ಅದು.

"ಕಾರು ಮಾಡ್ಕೊಳಿ, ಇವನ ಹತ್ರಾನೇ ಮಾಡ್ಕೊಳಿ, ಬೀದೀಲೇ ಬಿಡಿ. ಮೂರೂ ಬುದ್ಧಿವಾದ ಒಂದೇ ಬಾಯಿಂದ," ಎಂದು ಆಕೆ ಮುಂದುವರಿಸಿದರು. "ಕಾರು ಬೀದೀಲಿ ಕಳೆದ್ರೆ ಠೇವಣಿ ನುಂಗ್ಬಹುದು, ವಿಮೆ ದುಡ್ಡೂ ಬರುತ್ತೆ, ಬೈಗುಳ ನಬೋರನಿಗೆ."

"ಬಕೆಟ್ ಇಟ್ಕೊಂಡು ಕತೆ ಕಟ್ತಿದೀರಾ? ಸಾಕ್ಷಿ ಎಲ್ಲಿ?" ಎಂದ ಫಿದೆನ್ಸಿಯೋ. ದನಿಯಲ್ಲಿದ್ದ ಜೇನು ಬತ್ತಿಹೋಗಿತ್ತು.

"ನಿನ್ನ ಅಡುಗೆಮನೇಲಿ ಇರೋದು ಗ್ಯಾಸ್ ಒಲೆ," ಎಂದರು ದೋನ್ಯಾ ರೆಮೆದಿಯೋಸ್. ಆಕೆ 'ನೀನು' ಎಂದದ್ದು ಎಲ್ಲರಿಗೂ ಕೇಳಿಸಿತು. "ಡಾಕ್ಟ್ರಿಗೆ ನೀನು ಹೇಳಿದ್ದು ಒಳಗೇ ಕೇಳಿಸ್ತು. ಲಿಂಬೆ ಗಿಡಕ್ಕೆ ಒಲೆ ಬೂದಿ ಎಲ್ಲಿಂದ ಬಂತು?"

ಆಕೆ ಶಾಲಿನ ಅಡಿಯಿಂದ ಒಂದು ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ನೀಲಿ ಡಬ್ಬಿ, ಮುಚ್ಚಳದ ಮೇಲೆ ಹಾಯಿದೋಣಿ. ತೆರೆದರೆ ತುಂಬಾ ಕಪ್ಪು ಹುರುಳಿಕಾಯಿ ಬೀಜ. "ಅಡುಗೆಮನೆ ಗೂಡಲ್ಲಿತ್ತು," ಎಂದರು.

ಆಂತೋನಿಯಾ ಲಿಂಬೆ ಗಿಡದ ಕಡೆ ತಿರುಗಿ, ಬಾಯಿಗೆ ಕೈ ಅಡ್ಡ ಹಿಡಿದು ನಿಂತಳು.

"ದೂರ ಎಸೆದು ಬಾ ಅಂದಿದ್ನಲ್ಲೋ, ದರಿದ್ರದವನೇ!" ಎಂದು ಲೆಯೊಬಾರ್ದೊ ಚೀರಿದ.

"ನೀನೇ ತಗೊಂಡು ಹೋಗಿದ್ರೆ ಆಗ್ತಿತ್ತಲ್ಲ! ಹೆಣ ಇರೋ ಕಾರು ಓಡಿಸಲ್ಲ ಅಂತ ಡಿಕ್ಕಿಯಿಂದ ತೆಗ್ದು ನನ್ನ ಕೈಗೆ ತುರುಕ್ದೋನು ನೀನು!"

ಆಮೇಲೆ ಬೆರ್ಲಾಂಗ ಕೇಳುವುದು ಹೆಚ್ಚೇನೂ ಉಳಿಯಲಿಲ್ಲ. ಕಾರು ಲೆಯೊಬಾರ್ದೊನ ಭಾವನ ಕೊಟ್ಟಿಗೆಯಲ್ಲಿತ್ತು, ಸೂಟ್‌ಕೇಸು ಡಿಕ್ಕಿಯಲ್ಲೇ ಇತ್ತು.

ಆದರೆ ನನಗೆ ಒಂದು ಕೇಳದೆ ಇರಲಾಗಲಿಲ್ಲ. "ಅದು ಏನು ಅಂತ ನಿನಗೆ ಗೊತ್ತಿತ್ತು. ನಕ್ಷೆ ಹರಡ್ಕೊಂಡು ಕೂತಾಗ ಈಕೆ ಎಲ್ಲಾ ಹೇಳಿದ್ಲು. ಸುರಿಯೋದು ಸುರಿದೆ, ಡಬ್ಬಿ ಯಾಕೋ ಇಟ್ಕೊಂಡೆ?"

ಫಿದೆನ್ಸಿಯೋ ಏಪ್ರನ್ನಿಗೆ ಕೈ ಒರೆಸಿಕೊಂಡ. "ಡಬ್ಬಿ ಚೆನ್ನಾಗಿತ್ತು."

ಅವನ ಮನೆಯಲ್ಲಿ ಎಷ್ಟು ತುತ್ತು ತಿಂದಿದ್ದೆ ನಾನು! ನಾಳೆ ಯಾವ ಅತಿಥಿಯ ತಟ್ಟೆಗೆ ಬೀಳಲಿತ್ತೋ ಆ ಬೀಜ! ಗೋಡೆಯ ಬಳಿ ಹೋಗಿ ಉಗಿದೆ.

ಇಬ್ಬರನ್ನೂ ಕರೆದೊಯ್ದ ಮೇಲೆ ಆಂತೋನಿಯಾ ಗಿಡದ ಬುಡದಲ್ಲಿ ಮಂಡಿಯೂರಿದಳು. ನಾವೂ ಊರಿದೆವು. ಬೂದಿ ಇನ್ನೂ ಒಣಗಿಯೇ ಇತ್ತು. ಆ ಜಿಪುಣ ಗಿಡಕ್ಕೆ ನೀರು ಹಾಕಿರಲಿಲ್ಲ, ಅದೊಂದೇ ಪುಣ್ಯ. ಚಮಚದಿಂದ, ಬೆರಳಿನಿಂದ, ಮಣ್ಣು ಸೇರಿದ್ದನ್ನು ಮಣ್ಣು ಸಮೇತ ಎತ್ತಿದೆವು.

ದೋನ್ಯಾ ರೆಮೆದಿಯೋಸ್ ಡಬ್ಬಿಯನ್ನು ಖಾಲಿ ಮಾಡಿ ಮುಂದೆ ತಳ್ಳಿದರು. ಆಂತೋನಿಯಾ ಅದನ್ನು ಮುಟ್ಟಲಿಲ್ಲ. "ಬೇಡಮ್ಮ. ಅದಕ್ಕೆ ಅವನ ಕೈ ತಾಗಿದೆ. ಅಮ್ಮನ್ನ ಮತ್ತೆ ಅದ್ರಲ್ಲಿ ಇಡಲ್ಲ."

ಆಗ ಬೇಡಿ ಕಳಚಿಕೊಂಡ ನಬೋರ್ ಹೆಗಲ ಮೇಲಿನ ಕೆಂಪು ಬಟ್ಟೆ ತೆಗೆದು ನೆಲದ ಮೇಲೆ ಹಾಸಿದ. "ಇವತ್ತು ಬೆಳಗ್ಗೆ ಒಗ್ದಿದ್ದು ಅಮ್ಮಾವ್ರೆ. ಇನ್ನೂ ಯಾವ ಕಾರೂ ಒರೆಸಿಲ್ಲ," ಎಂದ.

ಆಂತೋನಿಯಾ ತಾಯಿಯನ್ನು ಅದರಲ್ಲಿ ಗಂಟು ಕಟ್ಟಿ ಎದೆಗೆ ಹಿಡಿದುಕೊಂಡು ಮಧ್ಯಾಹ್ನದ ಬಸ್ಸು ಹತ್ತಿದಳು. ಬಸ್ಸು ಹಳ್ಳಿಯವರೆಗೂ ಹೋಗುತ್ತಿತ್ತು. ಕಂಡಕ್ಟರನನ್ನು ಕೇಳಿದ್ದು ನಾನೇ. ಮೊದಲಿಂದಲೂ ಹೋಗುತ್ತಿತ್ತಂತೆ.

ಅಂದಿನಿಂದ ನಬೋರ್ ಬರಿಗೈ ಬೀಸಿಯೇ ಕಾರುಗಳನ್ನು ನಿಲ್ಲಿಸುತ್ತಿದ್ದ. ಬೇರೆ ಬಟ್ಟೆ ಕೊಳ್ಳೋ ಎಂದರೆ, ಕೊಟ್ಟದ್ದು ಬರುತ್ತೆ ಬಿಡಿ ಡಾಕ್ಟ್ರೇ ಎನ್ನುತ್ತಿದ್ದ. ಒಂದು ದಿನ ಬೆಟ್ಟದ ಬಸ್ಸಿನ ಕಂಡಕ್ಟರ್ ಬಂದು ಅವನ ಕೈಗೊಂದು ಪೊಟ್ಟಣ ಕೊಟ್ಟ. ಒಳಗೆ ಕೆಂಪು ಬಟ್ಟೆ ಇತ್ತು, ಒಗೆದು, ಇಸ್ತ್ರಿ ಮಾಡಿ ಮಡಚಿದ್ದು. ನಬೋರ್ ಅದನ್ನು ಒಮ್ಮೆ ಮೂಸಿ ನೋಡಿ, ಅಂಗಿಯೊಳಗೆ ಇಟ್ಟುಕೊಂಡು, ಮುಂದಿನ ಕಾರಿಗೆ ಮತ್ತೆ ಬರಿಗೈಯನ್ನೇ ಬೀಸಿದ.